ರಮ್ಮಿಜ್ ವಿಶ್ವವಿದ್ಯಾಲಯದ ಗೇಟಿನಾಚೆ

ರಮ್ಮಿಜ್ ಎಂಬ ಊರು ಇಂಗ್ಲೆಂಡಿನ ಯಾವ ನಕ್ಷೆಯಲ್ಲೂ ಇಲ್ಲ. ಆದರೆ ಬರ್ಮಿಂಗ್‌ಹ್ಯಾಮ್ ಬಲ್ಲವರಿಗೆ ಅದರ ಗುರುತು ತಟ್ಟನೆ ಹತ್ತುತ್ತದೆ. 1960ರಿಂದ 1987ರವರೆಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳಿದ ಡೇವಿಡ್ ಲಾಡ್ಜ್ (1935–2025) ತಾವಿದ್ದ ಊರಿಗೇ ಬೇರೆ ಹೆಸರಿಟ್ಟು ಮೂರು ಕಾದಂಬರಿ ಬರೆದರು: ‘ಚೇಂಜಿಂಗ್ ಪ್ಲೇಸಸ್’ (1975), ‘ಸ್ಮಾಲ್ ವರ್ಲ್ಡ್’ (1984), ‘ನೈಸ್ ವರ್ಕ್’ (1988).

ಮೊದಲೆರಡರಲ್ಲಿ ನಗುವಿಗೆ ಬರವಿಲ್ಲ. ರಮ್ಮಿಜ್‌ನಿಂದ ಅಮೆರಿಕಕ್ಕೆ ಹೋದ ಫಿಲಿಪ್ ಸ್ವಾಲೋ ಅಲ್ಲಿನ ಮೇಷ್ಟರುಗಳಿಗೆ ಒಂದು ಆಟ ಕಲಿಸುತ್ತಾನೆ. ತಾನು ಓದದ ಪುಸ್ತಕವೊಂದನ್ನು ಹೆಸರಿಸಬೇಕು. ಉಳಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ ಅಷ್ಟು ಅಂಕ. ಗೆಲ್ಲುವ ಹಠಕ್ಕೆ ಬಿದ್ದ ಒಬ್ಬ ‘ಹ್ಯಾಮ್ಲೆಟ್’ ಎಂದುಬಿಡುತ್ತಾನೆ. ಆಟ ಗೆಲ್ಲುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ. ಸೊಗಸಾದ ವಿಡಂಬನೆ. ಆದರೂ ಇದು ಮೇಷ್ಟರುಗಳು ಮೇಷ್ಟರುಗಳನ್ನು ಕಂಡು ನಗುವ ನಗೆ.

‘ನೈಸ್ ವರ್ಕ್’ ಹಾಗಲ್ಲ. 1981ರಲ್ಲಿ ಥ್ಯಾಚರ್ ಸರಕಾರ ವಿಶ್ವವಿದ್ಯಾಲಯಗಳ ಅನುದಾನಕ್ಕೆ ಕತ್ತರಿ ಹಾಕಿದ ನಂತರದ ಕಥೆ ಇದು. ಸ್ವಾಲೋ ಈಗ ಡೀನ್. ಅವನ ಕಿವಿ ಮಂದವಾಗಿದೆ! ತಾತ್ಕಾಲಿಕ ಉಪನ್ಯಾಸಕಿ ರಾಬಿನ್ ಪೆನ್‌ರೋಸ್ ಕಾರ್ಖಾನೆಗಳನ್ನು ಕುರಿತ ವಿಕ್ಟೋರಿಯನ್ ಕಾದಂಬರಿಗಳಲ್ಲಿ ಪರಿಣತೆ, ಕಾರ್ಖಾನೆ ಕಂಡವಳಲ್ಲ. ವಾರಕ್ಕೊಂದು ದಿನ ಆಕೆ ವಿಕ್ ವಿಲ್ಕಾಕ್ಸ್ ಎಂಬ ಕಾರ್ಖಾನೆಯ ಮುಖ್ಯಸ್ಥನ ಜೊತೆ ಕಳೆಯಬೇಕಾಗುತ್ತದೆ. ಡ್ಯಾನಿ ರಾಮ್ ಎಂಬ ಏಷ್ಯಾ ಮೂಲದ ಕಾರ್ಮಿಕನನ್ನು ಹೊರಹಾಕುವ ಸಂಚು ಕಿವಿಗೆ ಬಿದ್ದಾಗ ಅವನಿಗೇ ಹೋಗಿ ಹೇಳುತ್ತಾಳೆ. ಕಾರ್ಮಿಕರು ಕೆಲಸ ಬಿಟ್ಟು ಹೊರನಡೆಯುತ್ತಾರೆ. ಕೊನೆಗೆ ಅವಳೇ, ತಾನು ತಪ್ಪು ತಿಳಿದೆ ಎಂದು ಸುಳ್ಳು ಹೇಳಿ ಅವರನ್ನು ಒಳಗೆ ಕರೆಯಬೇಕಾಗುತ್ತದೆ. ಓದಿದವರ ನ್ಯಾಯಪ್ರಜ್ಞೆ ಎಷ್ಟು ದೂರ ನಡೆಯಬಲ್ಲದು ಎಂಬುದನ್ನು ಲಾಡ್ಜ್ ಇಲ್ಲಿ ದಾಕ್ಷಿಣ್ಯವಿಲ್ಲದೆ ಅಳೆಯುತ್ತಾರೆ.

ನನ್ನ ತಕರಾರು ಮುಂದಿನದು. ವಿಕ್‌ನ, ರಾಬಿನ್‌ಳ ಮನಸ್ಸಿನೊಳಗೆ ಹೊಕ್ಕು ಬರುವ ಕಾದಂಬರಿಕಾರರು ಡ್ಯಾನಿ ರಾಮ್‌ನ ಮನಸ್ಸಿಗೆ ಇಣುಕುವುದೇ ಇಲ್ಲ. ವಿಕ್ಟೋರಿಯನ್ ಲೇಖಕರು ಬಿಕ್ಕಟ್ಟುಗಳನ್ನು ಮದುವೆ, ಆಸ್ತಿ, ವಲಸೆ, ಸಾವುಗಳಿಂದ ಬಗೆಹರಿಸಿದರು ಎಂದು ಪಾಠ ಹೇಳಿದ ರಾಬಿನ್‌ಗೇ ಕೊನೆಗೆ ಪಿತ್ರಾರ್ಜಿತ ಹಣ ಒದಗುತ್ತದೆ. ಲಾಡ್ಜ್ ಬೇಕೆಂದೇ ಹೂಡಿದ ತಮಾಷೆ, ನಿಜ. ಆದರೆ ಕೆಲಸ ಕಳೆದುಕೊಳ್ಳುವ ಯಾವ ಕಾರ್ಮಿಕನಿಗೆ ಅಂಥ ಚಿಕ್ಕಪ್ಪನಿದ್ದಾನೆ?

ಅದು ಅವರಿಗೂ ಗೊತ್ತಿದ್ದಿರಬೇಕು. ಕೊನೆಯ ಪುಟಗಳಲ್ಲಿ ರಾಬಿನ್ ಕಿಟಕಿಯಿಂದ ನೋಡುತ್ತಾಳೆ. ಕ್ಯಾಂಪಸ್ಸಿನ ಹುಲ್ಲುಹಾಸಿನ ಮೇಲೆ ಕಪ್ಪು ಯುವಕನೊಬ್ಬ ಹುಲ್ಲು ಕತ್ತರಿಸುವ ಯಂತ್ರ ತಳ್ಳುತ್ತಿದ್ದಾನೆ. ಅವನದೇ ವಯಸ್ಸಿನ ವಿದ್ಯಾರ್ಥಿಗಳು ಎದ್ದು ದಾರಿ ಬಿಡುತ್ತಾರೆ, ಮತ್ತೆ ಕೂರುತ್ತಾರೆ. ಯಾರೂ ಯಾರೊಡನೆಯೂ ಮಾತಾಡುವುದಿಲ್ಲ.