ಓಝಿಲ್: ನಾವು ನೋಡದೆ ಬಿಟ್ಟ ಆಟ

ಪಂದ್ಯ ಆರಂಭವಾಗುವ ಮುನ್ನ ಮೈದಾನದಲ್ಲಿ ಅಂಗೈ ಬಿಡಿಸಿ ದುಆ ಮಾಡುತ್ತಿದ್ದ ಮೆಸುಟ್ ಓಝಿಲ್‌ರ ಚಿತ್ರ ನಮ್ಮಲ್ಲಿ ಅನೇಕರಿಗೆ ಪರಿಚಿತ. ಆದರೆ ರೆಫರಿ ಸೀಟಿ ಊದಿದ ಬಳಿಕ ಅವರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಉತ್ತರಿಸಬಲ್ಲವರು ಕಡಿಮೆ. 2023ರ ಮಾರ್ಚ್‌ನಲ್ಲಿ ಅವರು ನಿವೃತ್ತರಾದಾಗ ಕೆಲವರು ಧರ್ಮಕ್ಕಾಗಿ ಬಲಿಯಾದವರೆಂದು ಹೊಗಳಿದರು, ಇನ್ನು ಕೆಲವರು ಸೋಮಾರಿ ಎಂದು ಜರೆದರು. ಇಬ್ಬರೂ ಅವರ ಆಟಕ್ಕೆ ನ್ಯಾಯ ಸಲ್ಲಿಸಲಿಲ್ಲ ಎಂಬುದು ನಮ್ಮ ತಕರಾರು.

ಜರ್ಮನಿಯ ಗಣಿ ನಗರವಾದ ಗೆಲ್ಸೆನ್‌ಕಿರ್ಖೆನ್‌ನಲ್ಲಿ, ಟರ್ಕಿಯಿಂದ ವಲಸೆ ಬಂದ ಕುಟುಂಬದಲ್ಲಿ 1988ರಲ್ಲಿ ಹುಟ್ಟಿದ ಓಝಿಲ್, ಊರಿನ ಶಾಲ್ಕೆ ಕ್ಲಬ್‌ನಲ್ಲೇ ವೃತ್ತಿ ಆರಂಭಿಸಿದರು. ಒಪ್ಪಂದದ ತಕರಾರಿನಿಂದಾಗಿ 2008ರ ಜನವರಿಯಲ್ಲಿ ವೆರ್ಡರ್ ಬ್ರೆಮೆನ್ ಸೇರಿದರು. 2009ರ ಜರ್ಮನ್ ಕಪ್ ಫೈನಲ್‌ನ ಏಕೈಕ ಗೋಲು ಅವರದು. 2010ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ ಅಲ್ಲಿ ಮೂರು ವರ್ಷ ಆಡಿದರು. 2013ರಲ್ಲಿ ಲಂಡನ್ನಿನ ಆರ್ಸೆನಲ್ ಅವರನ್ನು ಸುಮಾರು 4.25 ಕೋಟಿ ಪೌಂಡ್ ಕೊಟ್ಟು ಖರೀದಿಸಿತು.

ಮಿಡ್‌ಫೀಲ್ಡರ್‌ನ ಕಷ್ಟವೇನೆಂದರೆ, ಅವನ ದುಡಿಮೆ ಬೇರೆಯವರ ಹೆಸರಿನಲ್ಲಿ ಜಮೆಯಾಗುತ್ತದೆ. ಗೋಲು ಹೊಡೆದವನ ಹೆಸರು ಫಲಕದಲ್ಲಿ ಮೂಡುತ್ತದೆ. ಅವನು ಓಡಲು ಹೊರಡುವ ಮೊದಲೇ ಜಾಗ ಗುರುತಿಸಿ ಚೆಂಡು ಕಳಿಸಿದವನನ್ನು ಯಾರೂ ನೆನೆಯುವುದಿಲ್ಲ. 2015-16ರ ಪ್ರೀಮಿಯರ್ ಲೀಗ್‌ನಲ್ಲಿ ಓಝಿಲ್ ತಂಡದವರಿಗೆ ಒದಗಿಸಿಕೊಟ್ಟ ಗೋಲವಕಾಶಗಳು 146. ಗೋಲಾದವು 19. ಥಿಯರಿ ಹೆನ್ರಿಯವರ ದಾಖಲೆಗೆ ಒಂದೇ ಕಡಿಮೆ. ಉಳಿದವು ವ್ಯರ್ಥವಾದದ್ದು ಪಾಸ್ ಕೊಟ್ಟವರ ತಪ್ಪೇ?

ಹಾಗೆಂದು ಟೀಕೆಗಳೆಲ್ಲ ಸುಳ್ಳಲ್ಲ. ಚೆಂಡು ಎದುರಾಳಿಯ ವಶವಾದಾಗ ಬೆನ್ನಟ್ಟಿ ಕಸಿಯುವ ಆಟ ಅವರದಲ್ಲ. 2018ರಲ್ಲಿ ವಾರಕ್ಕೆ 3.5 ಲಕ್ಷ ಪೌಂಡ್ ಎಂದು ವರದಿಯಾದ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅವರ ಪ್ರಭಾವ ಕುಗ್ಗುತ್ತಾ ಹೋಯಿತು. ಇದನ್ನು ಮುಚ್ಚಿಟ್ಟು ಬರೆಯುವುದು ಅಭಿಮಾನವಾದೀತೇ ಹೊರತು ವಿಮರ್ಶೆಯಾಗದು.

2019ರ ಡಿಸೆಂಬರ್ 13ರಂದು ಓಝಿಲ್ ಚೀನಾದ ಉಯಿಘರ್ ಮುಸ್ಲಿಮರ ಮೇಲಿನ ದಬ್ಬಾಳಿಕೆಯನ್ನು ಬಹಿರಂಗವಾಗಿ ಖಂಡಿಸಿದರು. ಜಗತ್ತಿನ ಮುಸ್ಲಿಮರ ಮೌನವನ್ನೂ ಅವರು ಬಿಡಲಿಲ್ಲ. ಇದು ಅವರ ಸ್ವಂತ ಅಭಿಪ್ರಾಯ, ನಾವು ರಾಜಕೀಯದಿಂದ ದೂರ ಎಂದು ಕ್ಲಬ್ ಕೈತೊಳೆದುಕೊಂಡಿತು. ಎರಡೇ ದಿನದಲ್ಲಿ ಚೀನಾದ ಸರಕಾರಿ ಟಿವಿ ಆರ್ಸೆನಲ್ ಪಂದ್ಯದ ಪ್ರಸಾರವನ್ನು ಕೈಬಿಟ್ಟಿತು. 2020ರ ಮಾರ್ಚ್ ನಂತರ ಓಝಿಲ್ ಆರ್ಸೆನಲ್ ಪರ ಆಡಲಿಲ್ಲ. ಅಕ್ಟೋಬರ್‌ನಲ್ಲಿ 25 ಆಟಗಾರರ ಲೀಗ್ ಪಟ್ಟಿಯಿಂದಲೂ ಹೊರಬಿದ್ದರು.

ಇದಕ್ಕೆ ಚೀನಾವೇ ಕಾರಣವೆಂದು ನಮ್ಮವರು ತೀರ್ಪು ಕೊಟ್ಟುಬಿಟ್ಟರು. ಆದರೆ ಆ ಹೇಳಿಕೆಯ ಬಳಿಕವೂ ಹೊಸ ಕೋಚ್ ಆರ್ಟೆಟಾ ಅವರನ್ನು ಮಾರ್ಚ್‌ವರೆಗೆ ಆಡಿಸಿದ್ದರು. ಕೊರೊನಾ ಕಾಲದ ವೇತನ ಕಡಿತಕ್ಕೆ ಓಝಿಲ್ ಒಪ್ಪದಿದ್ದುದೂ ನಡುವೆ ಇದೆ. ಕೈಬಿಟ್ಟದ್ದು ಆಟದ ಕಾರಣಕ್ಕೆ ಎಂದರು ಕೋಚ್. ಅದು ಸುಳ್ಳೆನ್ನಲು ನಮ್ಮಲ್ಲಿ ಸಾಕ್ಷ್ಯವಿಲ್ಲ. ಆದರೆ 'ರಾಜಕೀಯದಿಂದ ದೂರ' ಎಂಬ ಮಾತಿಗೆ ಸಾಕ್ಷ್ಯ ಬೇಕಿಲ್ಲ. 2020ರ ಜೂನ್‌ನಲ್ಲಿ ಇದೇ ಲೀಗ್‌ನ ಆಟಗಾರರ ಜೆರ್ಸಿಗಳ ಮೇಲೆ ಹೆಸರಿನ ಬದಲು ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಎಂಬ ಘೋಷಣೆ ಇತ್ತು. ಅದು ಸರಿಯಾದದ್ದೇ. ಮಾರುಕಟ್ಟೆಗೆ ನಷ್ಟವಿಲ್ಲದ ನ್ಯಾಯಕ್ಕೆ ಜೆರ್ಸಿಯಲ್ಲಿ ಜಾಗವಿದೆ, ನಷ್ಟ ತರುವ ನ್ಯಾಯಕ್ಕಿಲ್ಲ ಎಂಬುದಷ್ಟೇ ನಮ್ಮ ಆಕ್ಷೇಪ.

ಬೆರಳನ್ನು ನಮ್ಮ ಕಡೆಗೂ ತಿರುಗಿಸೋಣ. 2019ರ ಜುಲೈಯಲ್ಲಿ ಚೀನಾದ ನೀತಿಯನ್ನು ಬೆಂಬಲಿಸಿ ವಿಶ್ವಸಂಸ್ಥೆಗೆ ಹೋದ ಪತ್ರಕ್ಕೆ ಸೌದಿ ಅರೇಬಿಯ, ಪಾಕಿಸ್ತಾನಗಳೂ ಸಹಿ ಹಾಕಿದ್ದವು. ಆರ್ಸೆನಲ್ ಅನ್ನು ಬೈದ ನಾವು ಅವರನ್ನು ಎಷ್ಟು ಬೈದೆವು? ಓಝಿಲ್‌ರ ಮದುವೆಗೆ ಸಾಕ್ಷಿ ನಿಂತವರು ಟರ್ಕಿಯ ಅಧ್ಯಕ್ಷ ಎರ್ದೊಗಾನ್. 2025ರಲ್ಲಿ ಅವರದೇ ಪಕ್ಷದ ಕಾರ್ಯಕಾರಿ ಮಂಡಳಿಗೆ ಓಝಿಲ್ ಆಯ್ಕೆಯಾದರು. ಪತ್ರಕರ್ತರನ್ನು ಜೈಲಿಗಟ್ಟಿದ ಆ ಸರಕಾರದ ಬಗ್ಗೆ ಅವರನ್ನು ಪ್ರಶ್ನಿಸಬಾರದೇ? ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿ ನಿಲ್ಲಬೇಕೆಂದು ಕಲಿತವರು ನಾವು.

2021ರ ಜನವರಿಯಲ್ಲಿ ಬಾಲ್ಯದ ಮೆಚ್ಚಿನ ತಂಡ ಫೆನರ್‌ಬಾಚೆ, ಮರುವರ್ಷ ಬಷಾಕ್‌ಷೆಹಿರ್. ಎರಡೂ ಕಡೆ ಹಳೆಯ ಓಝಿಲ್ ಮರಳಲಿಲ್ಲ. ಆ ಓಝಿಲ್‌ರನ್ನು ನೋಡಬೇಕೆನ್ನುವವರು 2016ರ ನವೆಂಬರ್‌ನಲ್ಲಿ ಬಲ್ಗೇರಿಯದ ಲುಡೊಗೊರೆಟ್ಸ್ ವಿರುದ್ಧ ಹೊಡೆದ ಗೋಲನ್ನು ನೋಡಬೇಕು. ಪಂದ್ಯ 2-2. ಮುನ್ನುಗ್ಗಿ ಬಂದ ಗೋಲ್‌ಕೀಪರ್‌ನ ತಲೆಯ ಮೇಲಿಂದ ಚೆಂಡು ದಾಟಿಸಿದರು. ಗೋಲು ಎದುರಿಗಿದ್ದರೂ ಅವಸರ ಮಾಡಲಿಲ್ಲ, ಹೊಡೆಯುವಂತೆ ನಟಿಸಿದರು. ಇಬ್ಬರು ರಕ್ಷಕರು ಜಾರಿ ಬಿದ್ದರು. ಆಮೇಲೆ ಮೆಲ್ಲಗೆ ಚೆಂಡನ್ನು ಒಳಗೆ ಕಳಿಸಿದರು. ಅವರನ್ನು ಸೋಮಾರಿ ಎಂದವರೂ ಬಲಿಪಶು ಎಂದವರೂ ಆ ಕೆಲವು ಕ್ಷಣಗಳನ್ನು ಒಮ್ಮೆ ಕಣ್ಣಾರೆ ನೋಡಲಿ.