ಭೂತ ಬಂಗಲೆಯನ್ನು ಕಿವಿಯಿಂದ ನೋಡುವುದು

ಕಡಿಮೆ ಖರ್ಚಿನ ಹಿಂದಿ ದೆವ್ವದ ಸಿನಿಮಾವನ್ನು ಅದರ ದೆವ್ವದಿಂದ ಅಳೆಯಬಾರದು. ದೆವ್ವ ಎದುರಿಗೆ ಬರುವ ಮುಂಚೆ ಮನೆ ನಮ್ಮನ್ನು ಎಷ್ಟು ಹೊತ್ತು ಹಿಡಿದಿಟ್ಟಿತು ಎಂಬುದೇ ಸರಿಯಾದ ಅಳತೆ. ಭರತನ ನಾಟ್ಯಶಾಸ್ತ್ರ ಭಯಾನಕ ರಸದ ವಿಭಾವಗಳನ್ನು, ಅಂದರೆ ಭಯ ಹುಟ್ಟಿಸುವ ಕಾರಣಗಳನ್ನು, ಹೇಳುವಾಗ ವಿಕಾರ ಕೂಗು, ನರಿ, ಗೂಬೆ, ಕಾಡುಗಳ ಜೊತೆ ಪಾಳುಮನೆಯನ್ನೂ ಸೇರಿಸುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಡ. ರಾಮ್‌ಸೆ ಸಹೋದರರು ಕಸುಬು ಕಟ್ಟಿದ್ದೇ ಇದರ ಮೇಲೆ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಗಾಗಿ ಅವರು ಮಹಾಬಲೇಶ್ವರದ ಅತಿಥಿಗೃಹದಲ್ಲಿ ಉಳಿದು ಅಲ್ಲೇ ಚಿತ್ರೀಕರಿಸಿದರು. ಏಳು ಮಂದಿ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು: ತುಳಸಿ ಮತ್ತು ಶ್ಯಾಮ್ ನಿರ್ದೇಶನಕ್ಕೆ, ಗಂಗು ಕ್ಯಾಮೆರಾಗೆ, ಕಿರಣ್ ಧ್ವನಿಗೆ.

ಹೊಸಬರು ಗಮನ ಕೊಡಬೇಕಾದದ್ದು ಈ ಧ್ವನಿಗೆ. ರೇಷ್ಮೆ ಸಾಕುವ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇದು ಬೇಗ ಅರ್ಥವಾದೀತು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆ ಹುಳುಗಳು ರಾತ್ರಿ ಸೊಪ್ಪು ಮೇಯುವಾಗ ಹುಳುಮನೆಯೊಳಗೆ ಮಳೆ ಹಿಡಿದಂಥ ಸದ್ದು. ಸಾಕುವವರಿಗೆ ಅದು ನೆಮ್ಮದಿ. ಏನೆಂದು ತಿಳಿಯದೆ ಕತ್ತಲಲ್ಲಿ ಕಾಲಿಟ್ಟವರಿಗೆ ದಿಗಿಲು. ಸದ್ದು ಎರಡೂ ಕಡೆ ಒಂದೇ, ಕಾರಣ ಗೊತ್ತಿಲ್ಲದಿರುವುದೇ ಭಯ. ಒಳ್ಳೆಯ ನಿರ್ದೇಶಕ ಆ ಕಾರಣವನ್ನು ಮುಂದೂಡುತ್ತಾ ಹೋಗುತ್ತಾನೆ. ದೆವ್ವದ ಮುಖವಾಡ ನಗು ತರಿಸುತ್ತದೆ, ನಡುವೆ ತುರುಕಿದ ಹಾಸ್ಯ ಬೇಸರ ತರಿಸುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಅದು ಭಯ ಮುಗಿದ ಮೇಲಿನ ಮಾತು. ಕಾರಣ ಬಯಲಾದ ಮೇಲೆ ಎಷ್ಟು ದುಬಾರಿ ಮುಖವಾಡವಾದರೂ ಅಷ್ಟೇ. ಹಾಡು, ಹಾಸ್ಯಗಳ ಅಡ್ಡಿ ಬೇಡವೆನ್ನುವವರು ರಾಮ್ ಗೋಪಾಲ್ ವರ್ಮಾ ಅವರ ‘ಭೂತ್’ (2003) ನೋಡಬಹುದು. ಅಲ್ಲಿ ಹಾಡೂ ಇಲ್ಲ, ಹವೇಲಿಯೂ ಇಲ್ಲ. ಮುಂಬೈನ ಒಂದು ಫ್ಲ್ಯಾಟಿನ ಲಿಫ್ಟು, ಮೆಟ್ಟಿಲುಗಳೇ ಸಾಕಾಗಿವೆ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು: ಇಂಥ ಸಿನಿಮಾ ಮೂಢನಂಬಿಕೆ ಬೆಳೆಸುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಅವರ ನೆಲದವರು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ರಾಮ್‌ಸೆಯವರ ‘ಪುರಾನಾ ಮಂದಿರ್’ನಲ್ಲಿ (1984) ಸಾಮ್ರಿ ಎಂಬ ಪಿಶಾಚಿಯನ್ನು ತಡೆಯಲು ತ್ರಿಶೂಲ ಬರುವಾಗ ಆಕ್ಷೇಪಕ್ಕೆ ತೂಕವಿದೆ, ಒಪ್ಪಬೇಕು. ಆದರೂ ಭಯವನ್ನು ಸವಿಯುವುದು ಬೇರೆ, ದೆವ್ವವನ್ನು ನಂಬುವುದು ಬೇರೆ. ಶಾಕುಂತಲದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ನಾಟ್ಯಶಾಸ್ತ್ರದ ವ್ಯಾಖ್ಯಾನಕಾರ ಅಭಿನವಗುಪ್ತ ಉದಾಹರಿಸುತ್ತಾನೆ: ಆ ಭಯ ಪ್ರೇಕ್ಷಕನದೂ ಅಲ್ಲ, ಯಾವುದೋ ಒಂದು ಜಿಂಕೆಯದೂ ಅಲ್ಲ, ಯಾರಿಗೂ ಅಂಟದ್ದರಿಂದಲೇ ಅದು ರಸವಾಗುತ್ತದೆ. ದೆವ್ವವನ್ನು ನಿಜವೆಂದು ನಂಬಿದವನು ತಾಯತ ಹುಡುಕುತ್ತಾನೆ, ಸಿನಿಮಾ ನೋಡಲಾರ. ವಿಚಾರವಾದಿಯೇ ಈ ಪ್ರಕಾರದ ಒಳ್ಳೆಯ ರಸಿಕನಾಗಬಲ್ಲ.

ಮೊದಲು ರಾಮ್‌ಸೆಯವರ ‘ಪುರಾನಿ ಹವೇಲಿ’ (1989) ನೋಡಿ, ಆಮೇಲೆ ‘ಭೂತ್’. ರಾತ್ರಿ, ದೀಪ ಆರಿಸಿ, ಮೊಬೈಲು ದೂರವಿಟ್ಟು ನೋಡಿ. ಬಾಗಿಲು ಕಿರ್ರೆಂದಾಗ ದೆವ್ವವನ್ನು ಹುಡುಕಬೇಡಿ. ಆ ಸದ್ದಿನ ಕಾರಣವನ್ನು ಸಿನಿಮಾ ಎಷ್ಟು ಹೊತ್ತು ಬಚ್ಚಿಡುತ್ತದೆ, ಗಮನಿಸಿ.