ಕಲ್ಲಿನ ವೀರನಿಗೆ ಯಾವ ಕುಲ?

ಜೆ.ಪಿ. ನಗರದಿಂದ ಬನ್ನೇರುಘಟ್ಟ ರಸ್ತೆ ದಾಟಿ ಹೋದರೆ ಸಿಗುವ ಬೇಗೂರು, ಗಂಗರ ಕಾಲದ ಬೆಂಪೂರು. ಅಲ್ಲಿನ ಎರಡು ವೀರಗಲ್ಲುಗಳು ನಾಡಿನ ಇತಿಹಾಸದಲ್ಲಿ ಹೆಸರಾಗಿವೆ. ನಾಗೇಶ್ವರ ದೇವಾಲಯದ ಆವರಣದಲ್ಲಿರುವುದು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಇನ್ನೊಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಎರೆಯಪ್ಪನ ಕಡೆಯ ನಾಗತ್ತರ, ಅಯ್ಯಪದೇವನ ಪರವಾಗಿ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದಿ ಮಡಿದದ್ದನ್ನೂ, ಆ ಬಳಿಕ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು (ಹನ್ನೆರಡು ಹಳ್ಳಿಗಳ ಸೀಮೆಯನ್ನು) ಕಲ್ನಾಡಾಗಿ, ಎಂದರೆ ವೀರನ ನೆನಪಿನ ದತ್ತಿಯಾಗಿ ಕೊಟ್ಟದ್ದನ್ನೂ ಅದು ದಾಖಲಿಸುತ್ತದೆ.

ಶಿಲ್ಪವಾಗಿ ಈ ಎರಡನೆಯ ಕಲ್ಲಿಗೆ ಸಾಟಿ ಕಡಿಮೆ. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಲೋಕ ಎಂಬ ಅಚ್ಚುಕಟ್ಟಿನ ಅಂತಸ್ತುಗಳಿರುತ್ತವೆ. ಇಲ್ಲಿ ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಮುಗಿಬಿದ್ದ ದಂಡೇ ಕಾಣುತ್ತದೆ. ಆದರೆ ಮುಖಗಳನ್ನು ಹುಡುಕಿದವರಿಗೆ ನಿರಾಸೆಯೇ. ಶಿಲ್ಪಿಯ ಕೈ ಆಯುಧ, ವಾಹನ, ಮೈಯ ಬಾಗುಗಳಲ್ಲಿ ಪಳಗಿದೆ. ಒಬ್ಬ ಭಟನಿಗೂ ಇನ್ನೊಬ್ಬನಿಗೂ ಮುಖದಲ್ಲಿ ಅಂತರವಿಲ್ಲ. ವೀರಮಹೇಂದ್ರ ಯಾವ ಅರಸುಮನೆಯವನು ಎಂಬುದರ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದೊರೆಯ ಮನೆತನವನ್ನೇ ಖಚಿತವಾಗಿ ಹೇಳದ ಕಲ್ಲು ಕಾಲಾಳಿನ ಜನಾಂಗವನ್ನು ಹೇಳೀತೆಂದು ಕಾಯುವುದು ವ್ಯರ್ಥ.

ಹಾಗೆ ಕಾಯುವವರೇನೂ ಕಡಿಮೆಯಿಲ್ಲ. ತುರುಬು, ಮೀಸೆ, ಕಲ್ಲಿನ ಕಪ್ಪು ಇವನ್ನೇ ಹಿಡಿದು ವೀರನನ್ನು ಇಂದಿನ ಯಾವುದಾದರೂ ಸಮುದಾಯದ ಮೂಲಪುರುಷನನ್ನಾಗಿ ಮಾಡುವುದು ರೂಢಿಯಾಗಿದೆ. ಕಪ್ಪಿನಲ್ಲಿ ಬಹುಪಾಲು ಕಲ್ಲಿನದು, ಉಳಿದದ್ದು ತಲೆಮಾರುಗಳ ಎಣ್ಣೆಯದು. ಇಂಗ್ಲೆಂಡಿನಲ್ಲೂ ಇಂಥದೇ ಗೊಂದಲವಿದೆ. 13ನೆಯ ಶತಮಾನದ ನೈಟ್‌ಗಳ ಸಮಾಧಿ ಪ್ರತಿಮೆಗಳಲ್ಲಿ ಹಲವು ಪರ್ಬೆಕ್ ಎಂಬ ಗಾಢ ಬಣ್ಣದ ಕಲ್ಲಿನವು, ಕಡೆದಾಗ ಅವಕ್ಕೆ ಬಣ್ಣ ಬಳಿದಿದ್ದರು. ಬಣ್ಣ ಅಳಿದ ಮೇಲಿನ ಕಲ್ಲಿನ ಛಾಯೆಯಿಂದ ಮೈಬಣ್ಣ ನಿರ್ಧರಿಸಲಾಗದು. ಕಾಲು ಅಡ್ಡ ಹಾಕಿ ಮಲಗಿದವರೆಲ್ಲ ಕ್ರುಸೇಡಿಗೆ ಹೋದವರು ಎಂಬ ಜನಪ್ರಿಯ ನಂಬಿಕೆಯನ್ನೂ ಸಂಶೋಧಕರು ಕೈಬಿಟ್ಟಿದ್ದಾರೆ. ಆ ಭಂಗಿ ಆ ಕಾಲದ ಶಿಲ್ಪಿಗಳ ಶೈಲಿ. ಆದರೆ ಜರ್ಮನಿಯ ಮಾಗ್ಡೆಬರ್ಗ್ ಕೆಥೆಡ್ರಲ್‌ನಲ್ಲಿರುವ, ಸುಮಾರು 1240ರ ಸಂತ ಮಾರಿಸ್ ಪ್ರತಿಮೆಯಲ್ಲಿ ಕವಚಧಾರಿ ಯೋಧನ ಮುಖ ಸ್ಪಷ್ಟವಾಗಿ ಆಫ್ರಿಕದವನದು. ಬೇಕೆಂದಾಗ ಮಧ್ಯಯುಗದ ಶಿಲ್ಪಿ ಚಹರೆಯನ್ನು ಕಡೆಯಬಲ್ಲವನಾಗಿದ್ದ. ಬೇಗೂರಿನ ಶಿಲ್ಪಿಗೆ ಅದು ಬೇಕಿರಲಿಲ್ಲ.

ಶಾಸನಗಳು ಕುಲದ ಮಾತು ಆಡುವುದೇ ಇಲ್ಲವೆಂದಲ್ಲ. ಆತಕೂರಿನ ಕಲ್ಲು ಶಕ 872ರದು, ಎಂದರೆ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನನ್ನು ಅದು ಸಗರ ವಂಶದವನು, ವಲಭಿಯ ಒಡೆಯ ಎನ್ನುತ್ತದೆ. ಗಂಗರು ಕಾಣ್ವಾಯನ ಗೋತ್ರದವರೆಂದೂ ನೊಳಂಬರು ಪಲ್ಲವಾನ್ವಯದವರೆಂದೂ ಹೇಳಿಕೊಂಡರು. ಇವು ಮಾನ ಹೆಚ್ಚಿಸುವ ಬಿರುದುಗಳು. ಇವುಗಳಿಂದ ರಕ್ತಸಂಬಂಧವನ್ನು ಲೆಕ್ಕ ಹಾಕುವುದು ಶಾಸನವನ್ನು ಜನನ ಪ್ರಮಾಣಪತ್ರದಂತೆ ಓದಿದಂತೆ. ಅಂದಹಾಗೆ, ಆತಕೂರಿನ ಕಲ್ಲಿನ ಮೇಲೆ ಚಿತ್ರ ಪಡೆದದ್ದು ಮಣಲೇರನಲ್ಲ, ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿ.

ಕಲ್ಲಿನಲ್ಲಿ ಕುಲ ಹುಡುಕುವ ಈ ಓದಿನ ಬೇರು ವಸಾಹತು ಕಾಲದಲ್ಲೂ ಇದೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಹೊರತಂದರು. ಶಾಸನಗಳು ಅಚ್ಚಾಗುತ್ತಿದ್ದ ಅದೇ ಕಾಲದಲ್ಲಿ, 1909ರಲ್ಲಿ, ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳು ಬಂದವು. ಥರ್ಸ್ಟನ್ ಮೂಗು, ತಲೆಬುರುಡೆ ಅಳೆದು ಜನರನ್ನು ವಿಂಗಡಿಸಿದವರು. ಆ ಅಳತೆಪಟ್ಟಿ ವಿಜ್ಞಾನದಲ್ಲಿ ಬೆಲೆ ಕಳೆದುಕೊಂಡರೂ ಊರ ಇತಿಹಾಸ ಬರೆಯುವವರ ಕೈಯಲ್ಲಿ ಇನ್ನೂ ಉಳಿದಿದೆ. ಭಾಷೆಯನ್ನು ಅಳತೆಗೋಲು ಮಾಡಿದರೂ ಎಡವಟ್ಟೇ: ಧರ್ಮಪುರಿ, ಕೃಷ್ಣಗಿರಿ ಸೀಮೆಯಲ್ಲಿ ಕನ್ನಡದ ಕಲ್ಲುಗಳಿವೆ, ದೊಮ್ಮಲೂರಿನ ಗುಡಿಯಲ್ಲಿ ತಮಿಳು ಶಾಸನಗಳಿವೆ. ಬರೆಸಿದವರ ಆಡಳಿತದ ಭಾಷೆ ಯಾವುದೆಂದು ಇದರಿಂದ ಗೊತ್ತಾಗುತ್ತದೆ, ಸತ್ತವನ ಮನೆಮಾತು ಗೊತ್ತಾಗುವುದಿಲ್ಲ.

1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥ, ಆರ್. ಶೇಷಶಾಸ್ತ್ರಿ ಅವರ ಅಧ್ಯಯನ ಇವು ಪ್ರಶ್ನೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿದವು. ಯಾರಿಗಾಗಿ ಸತ್ತ, ತುರುಗಾಳಗದಲ್ಲೋ ಗಡಿಕಾಳಗದಲ್ಲೋ, ಮನೆಯವರಿಗೆ ದಕ್ಕಿದ ಭೂಮಿ ಎಷ್ಟು ಎಂಬುದಕ್ಕೆ ಕಲ್ಲು ಉತ್ತರಿಸುತ್ತದೆ. ಮಿಥಿಕ್ ಸೊಸೈಟಿ ಈಚೆಗೆ ನಡೆಸುತ್ತಿರುವ ಮೂರು ಆಯಾಮದ ಸ್ಕ್ಯಾನಿಂಗ್ ಸವೆದ ಅಕ್ಷರಗಳನ್ನೂ ಓದಿಸುತ್ತಿದೆ. ಹೆಬ್ಬಾಳದಲ್ಲಿ ಸಿಕ್ಕ, ಗಂಗ ದೊರೆ ಶ್ರೀಪುರುಷನ ಕಾಲದ ಕಲ್ಲು ಹೇಳುವುದು ಇಷ್ಟು: ಪೆರ್ಬೊಳಲ್ನಾಡಿನ ಮೇಲೆ ರಟ್ಟರ (ರಾಷ್ಟ್ರಕೂಟರ) ದಂಡು ಬಂದಾಗ ಕಿತ್ತಯ್ಯ ಕಾದಿ ಸತ್ತ.